ಒಂದಕ್ಕೆ ಎರಡು: ಕಾರ್ ಹುಚ್ಚಿನಿಂದಲೇ ಪೆನ್ಷನ್ ಕಟ್ಟಿದ ನನ್ನ ಅನುಭವ

ಸ್ಕೋಡಾ ಸೂಪರ್ಬ್ ಕಾರು ಮನೆ ಮುಂದೆ ಬಂದು ನಿಂತ ದಿನ ಭಾವ ಕೇಳಿದ ಮೊದಲ ಪ್ರಶ್ನೆ, "ಪಿಎಫ್ ಒಡೆದ್ಯೋ, ಸೈಟ್ ಮಾರಿದ್ಯೋ?" ಎರಡೂ ಅಲ್ಲ. ಮಾರೋದಕ್ಕೆ ನನ್ನ ಹತ್ತಿರ ಸೈಟೇ ಇಲ್ಲ. 2016ರಲ್ಲಿ ಕಾರಿಗೂ ಮುಪ್ಪಿಗೂ ಒಟ್ಟಿಗೆ ಕೂಡಿಡೋ ಲೆಕ್ಕ ಶುರು ಮಾಡಿದಾಗ ಎಲ್ಲರಿಗಿಂತ ಜೋರಾಗಿ ನಕ್ಕವರು ಇವರೇ. "ಕಾರ್ ಹುಚ್ಚು ಇರೋನು ಮುಪ್ಪಿಗೆ ಕೂಡಿಡ್ತೀನಿ ಅಂದ್ರೆ, ಬೆಕ್ಕು ಹಾಲಿಗೆ ಕಾವಲು ಕೂತ ಹಾಗೆ" ಅಂದಿದ್ದರು. 2023ರ ಕೊನೆಯಲ್ಲಿ ಕಾರು ಬಂತು. ಒಂದು ರೂಪಾಯಿ ಸಾಲ ಇಲ್ಲ. ಎಸ್‌ಐಪಿ (ತಿಂಗಳು ತಿಂಗಳು ಮ್ಯೂಚುವಲ್ ಫಂಡ್‌ಗೆ ಹೋಗೋ ಕಂತು) ಒಂದು ತಿಂಗಳೂ ನಿಂತಿಲ್ಲ. ಇಲ್ಲ, ಅದು ಸುಳ್ಳು. ಮೂರು ತಿಂಗಳು ನಿಂತಿತ್ತು, ಆ ಕಥೆ ಮುಂದೆ ಇದೆ.

ಮೊದಲು ನನ್ನ ದೊಡ್ಡ ತಪ್ಪು. ಕೆಲಸಕ್ಕೆ ಸೇರಿದ್ದು 2007ರಲ್ಲಿ. 2011ರಲ್ಲಿ ಕಂಪನಿ ಬದಲಿಸಿದಾಗ ಪಿಎಫ್‌ನಲ್ಲಿ ಸುಮಾರು 1.4 ಲಕ್ಷ ಇತ್ತು. ಆಗಿನ್ನೂ ಯುಎಎನ್ (ಕಂಪನಿ ಬದಲಾದರೂ ಒಂದೇ ಆಗಿ ಉಳಿಯೋ ಪಿಎಫ್ ನಂಬರ್) ಬಂದಿರಲಿಲ್ಲ. ವರ್ಗಾಯಿಸಬೇಕು ಅಂದರೆ ಫಾರಂ ಹಿಡಿದು ಅಲೆಯಬೇಕು. ಜೊತೆಯವರೆಲ್ಲ ತೆಗೆದರು, ನಾನೂ ತೆಗೆದೆ. ಅಷ್ಟೂ ನೇರವಾಗಿ ಡೀಸೆಲ್ ಸ್ವಿಫ್ಟ್‌ನ ಡೌನ್ ಪೇಮೆಂಟ್‌ಗೆ ಹೋಯಿತು. 5 ವರ್ಷ ತುಂಬಿರಲಿಲ್ಲವಾದ್ದರಿಂದ ತೆರಿಗೆಯೂ ಬಿತ್ತು. ಆ ದುಡ್ಡನ್ನು ವರ್ಗಾಯಿಸಿ ಪಿಎಫ್‌ನಲ್ಲೇ ಬಿಟ್ಟಿದ್ದರೆ ಇವತ್ತಿಗೆ ನಾಲ್ಕು ಲಕ್ಷ ದಾಟಿರುತ್ತಿತ್ತು. ನನಗೆ 58 ಆಗುವ ಹೊತ್ತಿಗೆ 15 ಲಕ್ಷದ ಆಸುಪಾಸು. ಸ್ವಿಫ್ಟ್ ಕೊನೆಗೆ ಹೋಗಿದ್ದು 2.2 ಲಕ್ಷಕ್ಕೆ. ಒಳ್ಳೇ ಕಾರು, ಅದರ ಮೇಲೆ ನನಗೆ ಸಿಟ್ಟಿಲ್ಲ.

ಅಪ್ಪ ಅರಕಲಗೂಡಿನಲ್ಲಿ ಸರ್ಕಾರಿ ಹೈಸ್ಕೂಲ್ ಮೇಷ್ಟ್ರಾಗಿದ್ದವರು. ಹಳೇ ಪೆನ್ಷನ್, ತಿಂಗಳು ತಿಂಗಳು ಬರುತ್ತೆ. ನನ್ನ ಚಿಕ್ಕಪ್ಪನ ಮಗನೂ ಮೇಷ್ಟ್ರೇ. ಆದರೆ ಅವನು ಸೇರಿದ್ದು 2008ರಲ್ಲಿ. 2006ರ ಏಪ್ರಿಲ್ 1ರಿಂದ ಈಚೆಗೆ ಸೇರಿದ ರಾಜ್ಯ ಸರ್ಕಾರಿ ನೌಕರರಿಗೆ ಸಾಮಾನ್ಯವಾಗಿ, ಸಂಬಳದಿಂದಲೂ ಕಟ್ಟಬೇಕಾದ, ಇಷ್ಟೇ ಬರುತ್ತೆ ಅನ್ನೋ ಖಾತ್ರಿ ಇಲ್ಲದ ಎನ್‌ಪಿಎಸ್. ಒಂದೇ ಮನೆ, ಒಂದೇ ಕೆಲಸ, ಮುಪ್ಪು ಮಾತ್ರ ಬೇರೆ ಬೇರೆ. ಖಾಸಗಿಯಲ್ಲಿರೋ ನನಗೆ ಆಗ ಅದೂ ಇರಲಿಲ್ಲ. ಇದೆಲ್ಲ ಗೊತ್ತಿದ್ದೂ 2015ರಲ್ಲಿ ಹೊಸ ಸ್ಕೋಡಾ ಆಕ್ಟೇವಿಯಾ ಕಾರು ನೋಡೋಕೆ ಶೋರೂಂಗೆ ಹೋದೆ.

ಇಎಂಐ 38 ಸಾವಿರ, 5 ವರ್ಷ. ಪೆನ್ನು ಕೈಯಲ್ಲಿತ್ತು. ನನ್ನ ಹೆಂಡತಿ ಬ್ರೋಷರ್ ತಿರುಗಿಸಿ ಅದರ ಹಿಂದೆ 38 ಅಂತ ಬರೆದಳು. ಪಕ್ಕದಲ್ಲಿ 6 ಅಂತ ಬರೆದಳು. "ಇದು ಕಾರಿಗೆ, ಇದು ನಾವು ಮುದುಕರಾದಾಗ ಊಟಕ್ಕೆ. ಸರಿ ಕಾಣುತ್ತಾ ರೀ?" ಆಗ ನಾವು ಪಿಪಿಎಫ್ (ಸರ್ಕಾರದ ದೀರ್ಘಾವಧಿ ಉಳಿತಾಯ ಖಾತೆ), ಎಸ್‌ಐಪಿ ಎಲ್ಲ ಸೇರಿಸಿ ಹಾಕುತ್ತಿದ್ದದ್ದು ತಿಂಗಳಿಗೆ 6 ಸಾವಿರ. ಸೇಲ್ಸ್ ಹುಡುಗ ಪಾಪ ಕಾಫಿ ತರೋಕೆ ಎದ್ದು ಹೋದ. ಆ ಬ್ರೋಷರ್ ಇನ್ನೂ ಬೀರುವಿನಲ್ಲಿದೆ.

ಮನೆಗೆ ಬಂದು ಒಂದು ಕಾನೂನು ಮಾಡಿಕೊಂಡೆವು. ಕಾರಿನ ಡಬ್ಬಕ್ಕೆ ಒಂದು ರೂಪಾಯಿ ಹೋಗಬೇಕಾದರೆ ಮುಪ್ಪಿನ ಡಬ್ಬಕ್ಕೆ ಮೊದಲು ಎರಡು ರೂಪಾಯಿ ಹೋಗಿರಬೇಕು. ಅಷ್ಟೇ. ಆಸೆ ಬಿಡು ಅಂತ ಯಾರು ಹೇಳಿದರೂ ನನ್ನ ಕೈಲಿ ಆಗಲ್ಲ. ಆಸೆಗೇ ನೊಗ ಹೂಡಿದೆ. ಕಾರು ಬೇಗ ಬರಬೇಕು ಅಂದರೆ ಮುಪ್ಪಿಗೆ ಜಾಸ್ತಿ ಹಾಕಬೇಕು, ಬೇರೆ ದಾರಿ ಇಲ್ಲ. ಕಂಪನಿ ಕಡ್ಡಾಯವಾಗಿ ಹಿಡಿಯೋ ಪಿಎಫ್ ಈ ಲೆಕ್ಕಕ್ಕೆ ಬರಲ್ಲ, ಅದು ಬೇರೆ. ಪೆಟ್ರೋಲನ್ನೂ ಹೊರಗಿಟ್ಟೆವು. ಅದು ಸ್ವಲ್ಪ ಮೋಸವೇ, ಒಪ್ಪುತ್ತೇನೆ.

2016ರ ಏಪ್ರಿಲ್‌ನಲ್ಲಿ ತಿಂಗಳಿಗೆ ಕಾರಿಗೆ 10 ಸಾವಿರ, ಮುಪ್ಪಿಗೆ 20 ಸಾವಿರದಿಂದ ಶುರು. ಮೊದಲ ಎರಡು ವರ್ಷ ಕಷ್ಟ ಆಯಿತು, ಗೋವಾ ಗೀವಾ ಎಲ್ಲ ಬಂದ್. ಇನ್‌ಕ್ರಿಮೆಂಟ್ ಬಂದ ತಿಂಗಳೇ ಎರಡನ್ನೂ ಏರಿಸುತ್ತಿದ್ದೆ. 2023ರ ಹೊತ್ತಿಗೆ 25 ಸಾವಿರಕ್ಕೆ 50 ಸಾವಿರ ಆಗಿತ್ತು. ಬೋನಸ್ ಬಂದರೂ ಅದೇ ಭಾಗ. ಮುಪ್ಪಿನ ಡಬ್ಬದಲ್ಲಿ ಅರ್ಧ ವಿಪಿಎಫ್ (ಕಡ್ಡಾಯ ಪಿಎಫ್ ಮೇಲೆ ನಾವೇ ಇಷ್ಟಪಟ್ಟು ಹಿಡಿಸಿಕೊಳ್ಳೋ ದುಡ್ಡು), ಅರ್ಧ ನಿಫ್ಟಿ ಇಂಡೆಕ್ಸ್ ಫಂಡ್ (ದೇಶದ 50 ದೊಡ್ಡ ಕಂಪನಿಗಳ ಷೇರು ಒಟ್ಟಿಗೆ ಕೊಳ್ಳೋ ಫಂಡ್). ವಿಪಿಎಫ್‌ನ ಚಂದ ಏನು ಅಂದರೆ ಸಂಬಳ ಕೈಗೆ ಬರೋ ಮುಂಚೆಯೇ ಹೋಗಿರುತ್ತೆ. ಕಾಣದ ದುಡ್ಡಿಗೆ ಆಸೆ ಹುಟ್ಟಲ್ಲ. ನೌಕರನ ಪಾಲು ವರ್ಷಕ್ಕೆ 2.5 ಲಕ್ಷ ದಾಟಿದರೆ, ದಾಟಿದ ಭಾಗದ ಬಡ್ಡಿಗೆ ತೆರಿಗೆ ಅಂತ 2021ರಲ್ಲಿ ಮಾಡಿದರಲ್ಲ, ಆಮೇಲೆ ಫಂಡ್ ಕಡೆ ಸ್ವಲ್ಪ ವಾಲಿದೆ.

ಕಾರಿನ ಡಬ್ಬದಲ್ಲಿ ಮಾತ್ರ ಬುದ್ಧಿವಂತಿಕೆ ತೋರಿಸೋಕೆ ಹೋಗಿ ಮೂರು ಸಲ ಮುಗ್ಗರಿಸಿದೆ. 2017ರಲ್ಲಿ ಸ್ಮಾಲ್ ಕ್ಯಾಪ್ (ಸಣ್ಣ ಕಂಪನಿಗಳ ಷೇರಿನ) ಫಂಡ್‌ಗಳು ಹಾರುತ್ತಿದ್ದವು. ಕಾರು ಎರಡು ವರ್ಷ ಮೊದಲೇ ಬಂದುಬಿಡುತ್ತೆ ಅಂತ ಅಷ್ಟನ್ನೂ ಅಲ್ಲಿಗೆ ಹಾಕಿದೆ. 2018ರಲ್ಲಿ ಬಿತ್ತು ನೋಡಿ. ಎರಡು ಲಕ್ಷ ಚಿಲ್ಲರೆ ಇದ್ದದ್ದು ಒಂದೂಮುಕ್ಕಾಲಕ್ಕೆ ಬಂದಾಗ ತೆಗೆದುಬಿಟ್ಟೆ. ಯಾವಾಗ ಬೇಕು ಅಂತ ಗೊತ್ತಿರೋ ದುಡ್ಡನ್ನು ಅಲ್ಲಿ ಇಡಬಾರದಿತ್ತು. ಆಮೇಲೆಲ್ಲ ಆರ್‌ಡಿ, ಲಿಕ್ವಿಡ್ ಫಂಡ್, ಅಂದರೆ ಬೆಲೆ ಅಷ್ಟಾಗಿ ಏರಿಳಿಯದ ಜಾಗಗಳು.

ಇನ್ನೊಂದು ಪ್ರಯೋಗ ಚೀಟಿ. ತಿಂಗಳಿಗೆ 10 ಸಾವಿರ, 20 ತಿಂಗಳು, 2 ಲಕ್ಷದ ಚೀಟಿ. ಬೇಗ ಕೂಗಿ ಎತ್ತಿ ಆ ದುಡ್ಡನ್ನು ಬಡ್ಡಿಗೆ ಬಿಟ್ಟರೆ ಲಾಭ ಅಲ್ವಾ ಅಂತ ಒಬ್ಬ ಗೆಳೆಯ ತಲೆ ತುಂಬಿದ. ಆರನೇ ತಿಂಗಳಲ್ಲಿ 42 ಸಾವಿರ ಬಿಟ್ಟು ಎತ್ತಿದೆ. ಕೈಗೆ 1.58 ಲಕ್ಷ. ತಿಂಗಳು ತಿಂಗಳು ಬರೋ ಡಿವಿಡೆಂಡ್ (ಎತ್ತಿದವರು ಬಿಟ್ಟ ದುಡ್ಡಲ್ಲಿ ಎಲ್ಲರಿಗೂ ಸಿಗೋ ಪಾಲು) ಕಳೆದು ನೋಡಿದರೂ ಬ್ಯಾಂಕ್ ಸಾಲದ ಬಡ್ಡಿಗಿಂತ ಕಡಿಮೆಯೇನೂ ತೆತ್ತಿರಲಿಲ್ಲ. ಅಂದರೆ ಸಾಲ ತಂದು ಆರ್‌ಡಿ ಕಟ್ಟಿದ ಹಾಗೆ! ಚೀಟಿ ಕೊನೆಯಲ್ಲಿ ಎತ್ತುವವರಿಗೆ ಲಾಭ. ಅಷ್ಟು ತಾಳ್ಮೆ ಇರೋರಿಗೆ ಚೀಟಿ ಯಾಕೆ ಬೇಕು?

ಮೂರನೆಯದು ದೆಹಲಿ ಕಾರು. ದೆಹಲಿಯಲ್ಲಿ 10 ವರ್ಷ ದಾಟಿದ ಡೀಸೆಲ್ ಓಡಿಸೋಕೆ ಬಿಡಲ್ಲ ಅನ್ನೋ ಭಯಕ್ಕೆ ಆಗ ಅಲ್ಲಿನವರು ಆರೇಳು ವರ್ಷಕ್ಕೇ ಅಗ್ಗವಾಗಿ ಮಾರುತ್ತಿದ್ದರು. 2022ರಲ್ಲಿ ಒಂದು ಡೀಸೆಲ್ ಗಾಡಿ ಬೆಂಗಳೂರಿನ ಬೆಲೆಗಿಂತ 4 ಲಕ್ಷ ಕಡಿಮೆಗೆ ಸಿಕ್ಕಿತು. 25 ಸಾವಿರ ಟೋಕನ್ ಕೊಟ್ಟೆ. ಆಮೇಲೆ ಲೆಕ್ಕ ಹಾಕಿದೆ, ಅದೇ ತಪ್ಪು, ಮೊದಲೇ ಹಾಕಬೇಕಿತ್ತು. ನಮ್ಮ ರಾಜ್ಯಕ್ಕೆ ತಂದರೆ ಲೈಫ್‌ಟೈಮ್ ಟ್ಯಾಕ್ಸ್ ಮತ್ತೆ ಕಟ್ಟಬೇಕು. ಅದೂ ನಾನು ಕೊಟ್ಟ ಬೆಲೆಗಲ್ಲ, ಗಾಡಿ ಹೊಸದಾಗಿದ್ದಾಗಿನ ಬೆಲೆ ಹಿಡಿದು, ವಯಸ್ಸಿಗೆ ಒಂದಿಷ್ಟು ಬಿಟ್ಟು. ಲಾರಿ ಬಾಡಿಗೆ, ಎನ್‌ಒಸಿ (ಅಲ್ಲಿನ ಆರ್‌ಟಿಒ ಕೊಡೋ ಒಪ್ಪಿಗೆ ಪತ್ರ) ಓಡಾಟ ಎಲ್ಲ ಸೇರಿದರೆ ಉಳಿಯೋದು ಮೂರು ಕಾಸು. ಟೋಕನ್ ವಾಪಸ್ ಬರಲಿಲ್ಲ.

ಆ 25 ಸಾವಿರ ದಂಡವೇ ದಾರಿ ತೋರಿಸಿತು. ಕರ್ನಾಟಕದಲ್ಲಿ 20 ಲಕ್ಷ ದಾಟಿದ ಪೆಟ್ರೋಲ್, ಡೀಸೆಲ್ ಕಾರಿಗೆ ರೋಡ್ ಟ್ಯಾಕ್ಸ್ ಶೇ 18, ಅದರ ಮೇಲೆ ಸೆಸ್. 32 ಲಕ್ಷದ ಕಾರಿಗೆ ಬರೀ ಟ್ಯಾಕ್ಸೇ ಆರು ಲಕ್ಷದ ಮೇಲೆ. ಅದನ್ನು ಮೊದಲನೇ ಓನರ್ ಒಂದೇ ಸಲ ಕಟ್ಟಿರುತ್ತಾನೆ, ಗಾಡಿ ಜೊತೆ ಅದು ನಮಗೆ ಬರುತ್ತೆ. ಅಂದರೆ ನಮ್ಮ ರಾಜ್ಯದಲ್ಲಿ ದುಬಾರಿ ಕಾರನ್ನು ಸೆಕೆಂಡ್ ಹ್ಯಾಂಡ್ ತಗೊಳ್ಳೋದು ಟ್ಯಾಕ್ಸ್ ಕಡಿಮೆ ಇರೋ ಕಡೆಗಿಂತ ಜಾಸ್ತಿ ಲಾಭ. ಕೆಎ ನಂಬರಿನ, ಒಂದೇ ಕೈಯ, ಮೂರು ವರ್ಷದ ಪೆಟ್ರೋಲ್ ಸೂಪರ್ಬ್ ಹುಡುಕಿದೆ. ಹೊಸದರಲ್ಲಿ ಆನ್‌ರೋಡ್ 40 ಲಕ್ಷದ ಹತ್ತಿರ ಬಿದ್ದಿದ್ದ ಗಾಡಿ. ನನಗೆ ಬಿದ್ದಿದ್ದು 24 ಲಕ್ಷ ಚಿಲ್ಲರೆ. ಓನರ್ ಮೊದಲು ಹೇಳಿದ್ದು ಇಪ್ಪತ್ತಾರೂವರೆ. ಎರಡು ಲಕ್ಷ ಹೇಗೆ ಇಳಿಸಿದೆ, ಯಾವ ತಿಂಗಳಲ್ಲಿ ಕೇಳಿದೆ ಅನ್ನೋದನ್ನ ಇಲ್ಲಿ ಬರೆಯಲ್ಲ. ಮುಂದಿನ ಸಲಕ್ಕೂ ಅದು ಬೇಕು ನನಗೆ.

ಒಂದನ್ನು ಮಾತ್ರ ಹೇಳುತ್ತೇನೆ, ಇದನ್ನು ಬಹಳ ಜನ ಬಿಟ್ಟುಬಿಡುತ್ತಾರೆ. ನೋ ಕ್ಲೈಮ್ ಬೋನಸ್ (ವಿಮೆಯ ದುಡ್ಡು ಕೇಳದ ವರ್ಷಗಳಿಗೆ ಪ್ರೀಮಿಯಂನಲ್ಲಿ ಸಿಗೋ ರಿಯಾಯಿತಿ, ಎನ್‌ಸಿಬಿ) ಇರೋದು ನಮ್ಮ ಹೆಸರಿಗೆ, ಕಾರಿಗಲ್ಲ. ಸ್ವಿಫ್ಟ್ ಮಾರುವಾಗ ವಿಮಾ ಕಂಪನಿಯಿಂದ ಎನ್‌ಸಿಬಿ ಪತ್ರ ಬರೆಸಿಕೊಂಡೆ. ಐದಾರು ವರ್ಷ ಕ್ಲೈಮ್ ಮಾಡಿರಲಿಲ್ಲ, ಶೇ 50 ಇತ್ತು. ಪುಟ್ಟ ಕಾರಿನಲ್ಲಿ ಸಂಪಾದಿಸಿದ ಶೇ 50 ದೊಡ್ಡ ಕಾರಿಗೆ ಬಂದು ಕೂತಿತು. ಓನ್ ಡ್ಯಾಮೇಜ್ (ನಮ್ಮದೇ ಗಾಡಿಯ ಹಾನಿಗೆ ಕಟ್ಟೋ) ಪ್ರೀಮಿಯಂ ಅರ್ಧಕ್ಕೆ ಇಳಿಯಿತು.

ಇನ್ನು ಆ ಮೂರು ತಿಂಗಳು. 2020ರ ಮಾರ್ಚ್ 23ರಂದು ಸೆನ್ಸೆಕ್ಸ್ ಒಂದೇ ದಿನ 3,900ಕ್ಕೂ ಜಾಸ್ತಿ ಅಂಕ ಬಿತ್ತಲ್ಲ, ಅವತ್ತು ರಾತ್ರಿ ಎಸ್‌ಐಪಿ ನಿಲ್ಲಿಸಿದೆ. ಏಪ್ರಿಲ್, ಮೇ, ಜೂನ್. 45 ಸಾವಿರ ಸೇವಿಂಗ್ಸ್ ಅಕೌಂಟಲ್ಲಿ ಸುಮ್ನೆ ಕೂತಿತ್ತು. ಆ ಮೂರು ತಿಂಗಳ ಬೆಲೆಗೆ ಕೊಂಡಿದ್ದರೆ ಈಗ ಹೆಚ್ಚೂಕಡಿಮೆ ಎರಡೂವರೆ ಪಟ್ಟು. ಜುಲೈನಲ್ಲಿ ಹೆಂಡತಿ ನನ್ನ ಫೋನ್ ತಗೊಂಡು ತಾನೇ ಮತ್ತೆ ಶುರು ಮಾಡಿದಳು. ಆ ಆ್ಯಪ್‌ನ ಪಾಸ್‌ವರ್ಡ್ ಈಗ ಅವಳ ಹತ್ತಿರವೇ ಇದೆ.

ಕಾರ್ ಕೊಂಡ ದಿನ ಮುಪ್ಪಿನ ಡಬ್ಬ ನೋಡಿದೆ. ನಾವು ಹಾಕಿದ್ದು 37 ಲಕ್ಷ ಇರಬಹುದು, ಬೆಳೆದು 55ರ ಹತ್ತಿರ ಇತ್ತು. ಕಡ್ಡಾಯ ಪಿಎಫ್ ಬಿಟ್ಟು. ಕಂಪನಿ ಲೀಸ್‌ನಲ್ಲಿ ಕಾರ್ ತಗೊಂಡು ನನ್ನನ್ನು ದಡ್ಡ ಅಂತಿದ್ದ ಸಹೋದ್ಯೋಗಿ ಆ ವರ್ಷವೇ ಕೆಲಸ ಬಿಡಬೇಕಾಗಿ ಬಂದು, ಲೀಸ್ ಮುರಿಯೋಕೆ ದುಡ್ಡು ಹೊಂದಿಸುತ್ತಿದ್ದ. ನಗಲಿಲ್ಲ. ಸ್ವಲ್ಪ ನಕ್ಕೆ. ಈಗ ಹೊಸ ತೆರಿಗೆ ಪದ್ಧತಿಯಲ್ಲೂ ಕಂಪನಿ ಕಟ್ಟೋ ಎನ್‌ಪಿಎಸ್‌ಗೆ ಬೇಸಿಕ್‌ನ ಶೇ 14ರವರೆಗೆ ವಿನಾಯಿತಿ ಇದೆ. ಎಚ್ಆರ್‌ಗೆ ಒಂದು ಮೇಲ್ ಹಾಕಿ ಅದನ್ನೂ ಸೇರಿಸಿಕೊಂಡೆ.

ಅಪ್ಪನನ್ನು ಹಿಂದಿನ ಸೀಟಿನಲ್ಲಿ ಕೂರಿಸಿ ಊರಿಂದ ಶಿರಾಡಿ ಇಳಿದು ಧರ್ಮಸ್ಥಳಕ್ಕೆ ಹೋಗಿದ್ದೆ. ಕಾಲು ಪೂರ್ತಿ ಚಾಚಿದರು, ಮುಂದಿನ ಸೀಟಿಗೆ ತಾಗಲಿಲ್ಲ. ಹಂಪ್ ಬಂದಾಗಲೆಲ್ಲ ಹೊಟ್ಟೆ ಉಜ್ಜುತ್ತೆ ಈ ಗಾಡಿ, ಅದೊಂದೇ ಸಂಕಟ. 2025ರ ಸೆಪ್ಟೆಂಬರ್‌ನಲ್ಲಿ ದೊಡ್ಡ ಕಾರಿನ ಜಿಎಸ್‌ಟಿ ಶೇ 40ಕ್ಕೆ ನಿಂತು ಸೆಸ್ ಹೋಯಿತಲ್ಲ, ಭಾವ ಫೋನ್ ಮಾಡಿ "ಹೊಸದೇ ಇಳೀತು, ನಿನ್ನದರ ಬೆಲೆ ಇನ್ನೂ ಬಿತ್ತು ನೋಡು" ಅಂದರು. ಮಾರೋನಿಗೆ ತಾನೇ ಆ ಚಿಂತೆ?

ಹೋದ ತಿಂಗಳು ನಾಲ್ಕೂ ಟೈರ್ ಬದಲಿಸಿದೆ, 56 ಸಾವಿರ. ಟೈರಿಗೂ ಅದೇ ಕಾನೂನು, ಹಾಗಾಗಿ ಮುಪ್ಪಿನ ಡಬ್ಬಕ್ಕೆ 1 ಲಕ್ಷ 12 ಸಾವಿರ ಬಾಕಿ ಬಿತ್ತು. ಮೊದಲು ಹಾಕಿ ಆಮೇಲೆ ಟೈರ್ ಅಂದಳು ಹೆಂಡತಿ. ಮಳೆಗಾಲ ಅಂತ ಹೇಳಿ ನಾಲ್ಕು ಕಂತಿಗೆ ಒಪ್ಪಿಸಿದ್ದೇನೆ. ಒಂದು ಕಟ್ಟಿದೆ, ಮೂರು ಇವೆ.