ಒಂಬತ್ತು ತಿಂಗಳ ಕೂಸು, ಐದು ಬಕೆಟ್ ಸಮುದ್ರ

"ಜವಳ ಕೂಡ ಆಗಿಲ್ಲ, ಈಗಲೇ ಎಂಥಾ ಸಮುದ್ರ?" ಎಂದವರು ಪುಣೆಯಲ್ಲೂ ಇದ್ದರು, ಊರಲ್ಲೂ ಇದ್ದರು. ಡಿಸೆಂಬರ್‌ನಲ್ಲಿ ದಕ್ಷಿಣ ಗೋವಾದ ಬೆನೌಲಿಂನಲ್ಲಿ ನಾಲ್ಕು ರಾತ್ರಿ ಉಳಿದು ಬಂದೆವು. ಕೂಸಿಗೆ ಶೀತವಿಲ್ಲ, ಬೊಬ್ಬೆಯಿಲ್ಲ, ದಿನಕ್ಕೆ ಎರಡು ಹೊತ್ತು ನೀರಾಟ. ದಾರಿಗೆ ತಂದದ್ದು ಮರಳಲ್ಲಿ ತೋಡಿ, ಪ್ಲಾಸ್ಟಿಕ್ ಶೀಟ್ ಹಾಸಿ, ಸಮುದ್ರದ ನೀರು ತುಂಬಿ ಕೂಸನ್ನು ಕೂರಿಸಿದ ಒಂದು ಗುಂಡಿ. ಅದು ಸರಿಹೋಗುವ ಮೊದಲು ಮೂರು ಸಲ ಕೆಟ್ಟಿತು, ಹಾಗಾಗಿ ಬರೆಯುವುದೂ ಅದರ ಬಗ್ಗೆಯೇ ಹೆಚ್ಚು.

ಪ್ರಯಾಣದ್ದು ದೊಡ್ಡ ಮಾತಲ್ಲ. ಪುಣೆಯಿಂದ ಗೋವಾ ಎಕ್ಸ್‌ಪ್ರೆಸ್, ಬೆಳಗಾವಿ, ಲೋಂಡಾ ಮೇಲೆ ಮಡಗಾಂವ್, ರಾತ್ರಿ ನಿದ್ದೆಯಲ್ಲೇ ಮುಗಿಯುತ್ತದೆ. ಬೇರೆ ಬರ್ತ್ ಕೇಳದಿದ್ದರೆ ಐದು ವರ್ಷದೊಳಗಿನ ಮಗುವಿಗೆ ಟಿಕೆಟ್ ಇಲ್ಲ. ಕೆಳಗಿನ ಬರ್ತ್ ಸಿಗದಿದ್ದರೆ ದಿನ ಬದಲಿಸಿ, ಕೂಸನ್ನು ಮೇಲಿನ ಬರ್ತ್‌ಗೆ ಹತ್ತಿಸುವ ಸಾಹಸ ಬೇಡ. ಕಾರಿನಲ್ಲಿ ಹೋಗುವವರಿಗೆ ಚೋರ್ಲಾ ಘಾಟಿಯ ತಿರುವುಗಳಲ್ಲಿ ಕುಡಿದ ಹಾಲೆಲ್ಲ ಸೀಟಿನ ಮೇಲೆ. ಘಾಟಿಗೆ ಒಂದೂವರೆ ಗಂಟೆ ಮೊದಲೇ ಹಾಲು ನಿಲ್ಲಿಸಬೇಕು.

ರೂಮಿನ ಲೆಕ್ಕದಲ್ಲಿ ಎಲ್ಲರೂ ಎಡವುತ್ತಾರೆ. ದಂಡೆಯಿಂದ ಎರಡು ಕಿಲೋಮೀಟರ್ ದೂರದಲ್ಲಿ 1,800ಕ್ಕೆ ಸಿಗುವ ರೂಮು ಅಗ್ಗ ಅನಿಸುತ್ತದೆ. ಆದರೆ ಕೂಸು ದಿನಕ್ಕೆ ಎರಡು ಸಲ ಮಲಗುತ್ತದೆ, ಸಲಕ್ಕೆ ಹೋಗಿ ಬರಲು ಗಾಡಿಗೆ 500-600. ಬಾಡಿಗೆ ಮೊದಲೇ ಮಾತಾಡಿಕೊಳ್ಳದಿದ್ದರೆ ಇನ್ನೂ ಜಾಸ್ತಿ. ನಡೆದರೆ ಇನ್ನೂರು ಹೆಜ್ಜೆಯೊಳಗಿನ 3,200ರ ರೂಮಿಗೂ ಅದಕ್ಕೂ ಹೆಚ್ಚುಕಡಿಮೆ ಒಂದೇ ಲೆಕ್ಕವಾಯಿತು, ಗಾಡಿಯ ಗೋಜಿಲ್ಲ. ನಾಲ್ಕು ರಾತ್ರಿಗೆ ರೂಮು 12,800, ರೈಲು ಹೋಗಿಬರಲು ಐದು ಸಾವಿರದ ಹತ್ತಿರ, ಊಟಕ್ಕೆ ಅಷ್ಟೇ, ಸ್ಟೇಷನ್ ಗಾಡಿಗೆ ಒಂದು ಸಾವಿರ, ಸಾಮಾನಿಗೆ ಸಾವಿರದೈನೂರು. ಎಲ್ಲ ಸೇರಿ 25 ಸಾವಿರದ ಆಚೀಚೆ.

ಇನ್ನು ಗುಂಡಿ. ಅಲೆಯಲ್ಲಿ ಕೂಸನ್ನು ಇಳಿಸಿದರೆ ಕಾಲಡಿಯ ಮರಳು ಜಾರುತ್ತದೆ, ಮುಖಕ್ಕೆ ನೀರು ಹೊಡೆಯುತ್ತದೆ, ಒಂದೇ ಸಲಕ್ಕೆ ಸಮುದ್ರವೆಂದರೆ ಅಳು. ಗಾಳಿ ತುಂಬುವ ಟಬ್ ಒಂದು ಶಂಖದ ಚೂರಿಗೆ ತೂತಾಯಿತು, 700 ರೂಪಾಯಿ ಹೋಯಿತು. ಶೀಟ್ ಇಲ್ಲದೆ ತೋಡಿದ ಗುಂಡಿ ಐದು ನಿಮಿಷದಲ್ಲಿ ನೀರು ಕುಡಿದು ಖಾಲಿ. ಕಪ್ಪು ಪ್ಲಾಸ್ಟಿಕ್ ಹಾಕಿದರೆ ಬಿಸಿಲಿಗೆ ಅಂಚು ಕೈ ಇಡಲಾಗದಷ್ಟು ಸುಡುತ್ತದೆ. ಕೊನೆಗೆ ಉಳಿದದ್ದು ಬಿಳಿಯ, ದಪ್ಪನೆಯ, ಆರಡಿಗೆ ಆರಡಿಯ ಶೀಟ್. ಲೋಹದ ಬಳೆ ಹೊಡೆದ ನೀಲಿ ತಾಡಪತ್ರಿ ಬೇಡ, ಬಳೆ ತೊಡೆಗೆ ತರಚುತ್ತದೆ.

ಅಳತೆ: ಎರಡು ಮೊಳ ಉದ್ದ, ಒಂದೂವರೆ ಮೊಳ ಅಗಲ, ಒಂದು ಗೇಣು ಆಳ. ಬದಿ ನೆಟ್ಟಗಿರಬಾರದು, ತಟ್ಟೆಯ ಅಂಚಿನಂತೆ ಓರೆಯಾಗಿರಬೇಕು, ಇಲ್ಲದಿದ್ದರೆ ಒರಗಿದಾಗ ಮರಳು ಕುಸಿಯುತ್ತದೆ. ಜಾಗ ಹಿಂದಿನ ಭರತ (ಸಮುದ್ರದ ಉಬ್ಬರ) ಬಿಟ್ಟುಹೋದ ಕಸದ ಗೆರೆಯಿಂದ ಎರಡು ಹೆಜ್ಜೆ ಮೇಲೆ, ಕೆರೆದರೆ ಹಸಿ ಮರಳು ಸಿಗುವಲ್ಲಿ. ಒಣ ಮರಳಲ್ಲಿ ಗುಂಡಿ ನಿಲ್ಲುವುದಿಲ್ಲ. ಗೆರೆಗಿಂತ ಕೆಳಗೆ ತೋಡಿದ ದಿನ ಒಂದೇ ಅಲೆಗೆ ಶೀಟ್, ಚಪ್ಪಲಿ, ಟವೆಲ್ ಎಲ್ಲ ತೇಲಿದವು. ಭರತ ದಿನದಿಂದ ದಿನಕ್ಕೆ ಸುಮಾರು 50 ನಿಮಿಷ ತಡವಾಗುತ್ತದೆ, ನಿನ್ನೆಯ ಹೊತ್ತು ನಂಬಿ ಕೂತರೆ ಲೆಕ್ಕ ತಪ್ಪುತ್ತದೆ.

ನೀರು ನಾಲ್ಕು ಬೆರಳಷ್ಟೇ, ಹತ್ತು ಲೀಟರಿನ ಐದು ಬಕೆಟ್. ಅಷ್ಟು ನೀರೂ ಕೂಸಿಗೆ ಅಪಾಯವೇ, ಒಬ್ಬರು ಕೈಗೆಟುಕುವಲ್ಲಿ ಕೂತಿರಲೇಬೇಕು, ಫೋನು ಬ್ಯಾಗಿನಲ್ಲಿ. ಬೆಳಿಗ್ಗೆ ಏಳಕ್ಕೆ ಬಿಸಿಲಿಗೆ ನೀರು ಕಾಯುವುದಿಲ್ಲ. ರೂಮಿನಿಂದ ಫ್ಲಾಸ್ಕಿನಲ್ಲಿ ಮೂರು ಲೀಟರ್ ಕುದಿನೀರು ತಂದು, ಕೂಸು ದೂರ ಇರುವಾಗಲೇ ಸುರಿದು ಕಲಕಿದರೆ ಮೂರು ಡಿಗ್ರಿ ಏರುತ್ತದೆ. ಆಮೇಲೆ ಮೊಳಕೈ ಅದ್ದಿ ನೋಡಿ. ಸಂಜೆಗೆ ಈ ಗೋಜಿಲ್ಲ, ಮೂರೂವರೆಗೆ ಒಬ್ಬರು ಹೋಗಿ ತುಂಬಿಟ್ಟರೆ ನಾಲ್ಕೂಮುಕ್ಕಾಲಿಗೆ ಹದವಾಗಿರುತ್ತದೆ. ಕೂರಿಸುವುದು ಹದಿನೈದು ನಿಮಿಷ, ತುಟಿ ಬಣ್ಣ ಬದಲಾದರೆ ತಕ್ಷಣ ಹೊರಗೆ.

ಗೋವಾದ ಕಡಲ ದಂಡೆ ಪಡುವಣಕ್ಕೆ ಮುಖ ಮಾಡಿದೆ, ಬೆಳಗಿನ ಬಿಸಿಲು ಬೆನ್ನ ಹಿಂದಿನಿಂದ ಬರುತ್ತದೆ. ಗಾಳಿ ಮರದ ಸಾಲಿನ ಮುಂದೆ ಕೂತರೆ ಎಂಟೂವರೆವರೆಗೆ ನೆರಳು ಪುಕ್ಕಟೆ. ತೆಂಗಿನಡಿ ಮಾತ್ರ ಕೂರಬೇಡಿ. ಸಂಜೆಗೆ ಹಳೆಯ ಇಳಕಲ್ ಸೀರೆಯನ್ನು ಎರಡು ಮಡಿಕೆ ಮಾಡಿ ಎರಡು ಕೋಲಿಗೆ ಕಟ್ಟಿದೆವು. ಕೋಲು ಮರಳಲ್ಲಿ ನಿಲ್ಲುವುದಿಲ್ಲ, ಮಧ್ಯಾಹ್ನದ ಕಡಲಗಾಳಿ ಕಿತ್ತೊಗೆಯುತ್ತದೆ. ದಿಂಬಿನ ಚೀಲಕ್ಕೆ ಮರಳು ತುಂಬಿ ಅಡ್ಡಡ್ಡ ಮೊಳದಾಳ ಹೂತು, ಹಗ್ಗವನ್ನು ಅದಕ್ಕೆ ಬಿಗಿದರೆ ಅಲುಗುವುದಿಲ್ಲ. 2,000 ಕೊಟ್ಟು ತರುವ ಮಡಿಸುವ ಟೆಂಟು ಒಳಗೆ ಇಡ್ಲಿ ಪಾತ್ರೆ.

ಮರಳು ಬಿಡಿಸುವುದೇ ಒಂದು ಶಾಸ್ತ್ರ. ಹಿರಿಯರ ಮಾತು ಕೇಳಿ ಮೊದಲ ದಿನ ಕೊಬ್ಬರಿ ಎಣ್ಣೆ ಹಚ್ಚಿದ್ದಕ್ಕೆ ಕೂಸು ರವೆ ಹಚ್ಚಿದ ಬಂಗುಡೆಯಾಯಿತು. ಮೈ ಪೂರ್ತಿ ಒಣಗಿದ ಮೇಲೆ ಕೈಕಾಲಿಗೆ ಕಾರ್ನ್‌ಫ್ಲೋರ್ (ಮೆಕ್ಕೆಜೋಳದ ನುಣ್ಣನೆಯ ಪಿಷ್ಟ) ಸವರಿ ಒರೆಸಿದರೆ ಮರಳು ಉದುರುತ್ತದೆ. ನಮ್ಮ ಕಡೆಯ ಜೋಳದ ಹಿಟ್ಟು ಅಂದುಕೊಂಡವರಿಗೆ ರೊಟ್ಟಿ ಮಾತ್ರ ಸಿಗುತ್ತದೆ. ಅದನ್ನೂ ನೋಡಿದೆವು, ತರಿ ಹೆಚ್ಚು, ಚರ್ಮ ಕೆಂಪಾಗುತ್ತದೆ. ಸಂದುಗಳಿಗೆ, ದದ್ದು ಎದ್ದ ಕಡೆಗೆ ಯಾವ ಹಿಟ್ಟೂ ಬೇಡ. ಆಮೇಲೆ ಬಾಟಲಿಯ ಮುಚ್ಚಳಕ್ಕೆ ಕಾದ ಸೂಜಿಯಿಂದ ಏಳು ತೂತು, ಎರಡು ಲೀಟರ್ ಸಿಹಿನೀರು, ಮೊದಲು ಕೈ. ಕೈ ತೊಳೆಯದಿದ್ದರೆ ಅದೇ ಕೈ ನೇರ ಕಣ್ಣಿಗೆ. ಈ ಸಿಹಿನೀರನ್ನು ಬೇಕಾದಷ್ಟು ಬಿಟ್ಟಿ ಕೊಡುವ ಶ್ಯಾಕ್ (ದಂಡೆಯ ಮೇಲಿನ ಗುಡಿಸಲು ಹೋಟೆಲು) ಯಾವುದೆಂದು ಹೇಳುವುದಿಲ್ಲ, ಹೇಳಿದರೆ ಮುಂದಿನ ಡಿಸೆಂಬರ್‌ಗೆ ನಮಗೇ ಸಿಗಲಿಕ್ಕಿಲ್ಲ.

ಮಧ್ಯೆ ಒಂದು ಪ್ರಯೋಗ. ಸಾದಾ ಡೈಪರ್ ಸಮುದ್ರದಲ್ಲಿ ಉಬ್ಬಿ ಕಲ್ಲಾಗುತ್ತದೆ ಎನ್ನುತ್ತಾರಲ್ಲ, ಬ್ಯಾಗು ತೂಗುವ ತಕ್ಕಡಿಗೆ ನೇತು ಹಾಕಿ ನೋಡಿದೆವು. ನಲ್ಲಿ ನೀರಲ್ಲಿ ನೆನೆಸಿದ್ದು ಮುಕ್ಕಾಲು ಕಿಲೋ ದಾಟಿತು, ಸಮುದ್ರದ ನೀರಿನದು ಅದರ ಅರ್ಧಕ್ಕೂ ಬರಲಿಲ್ಲ. ಒಳಗಿನ ಜೆಲ್ ಉಪ್ಪುನೀರನ್ನು ಅಷ್ಟಾಗಿ ಹೀರುವುದಿಲ್ಲ. ಆದರೂ ಜಾರುತ್ತದೆ, ಒಡೆದರೆ ಜೆಲ್ ಮರಳಿಗೆ. ಈಜಿನ ಡೈಪರ್ ಎರಡು ಸಾಕು, ತೊಳೆದು ಒಣಗಿಸಬಹುದಾದದ್ದು. ಅದು ಉಚ್ಚೆ ಹಿಡಿಯುವುದಿಲ್ಲ, ರೂಮಿಗೆ ಹೋಗುವ ದಾರಿಗೆ ಹಾಕಬೇಡಿ.

ಊಟಕ್ಕೆ ರಾಗಿ ಸರಿ ಎಂದು ರೂಮಿನ ಕೆಟಲ್‌ನಲ್ಲೇ ಕಾಯಿಸಿದರೆ ತಳ ಹತ್ತುತ್ತದೆ, 800 ರೂಪಾಯಿ ದಂಡ ಕಟ್ಟಿದೆವು. ಅರಳಿಸಿ ಬೀಸಿದ ರಾಗಿ ಹುರಿಹಿಟ್ಟು ಒಯ್ದರೆ ಬೇಯಿಸುವ ಕೆಲಸವೇ ಇಲ್ಲ. ಎರಡು ಚಮಚ, ಬಿಸಿನೀರು, ಕಿವುಚಿದ ಏಲಕ್ಕಿ ಬಾಳೆ. ಅದಕ್ಕೆ ನಾವು ಇನ್ನೊಂದು ಸೇರಿಸುತ್ತೇವೆ, ಅದು ಮನೆಯ ಗುಟ್ಟು. ಊಟದ ಜಾಗದಲ್ಲಿ 'ಪೇಜ್' ಎಂದು ಕೇಳಿ, ಗಂಜಿ ಉಪ್ಪಿಲ್ಲದೆ ಕೊಡುತ್ತಾರೆ.

ಏಳುವಾಗ ಗುಂಡಿ ಮುಚ್ಚಿ, ಕತ್ತಲಲ್ಲಿ ಯಾರದೋ ಕಾಲು ಉಳುಕುತ್ತದೆ. ಅಗೋಂದಾ, ಗಾಲ್ಗಿಬಾಗ್ ಕಡೆ ಹೋಗುವವರು ಗುಂಡಿಯ ಆಸೆ ಬಿಡಿ, ಅವು ಆಮೆ ಮೊಟ್ಟೆಯಿಡುವ ದಂಡೆಗಳು. ಅಲ್ಲಿಗೆ ರೂಮಿನ ಬಕೆಟ್ಟೇ ಗತಿ.