ಬಿಸಿಯಾಗುವ ತಂತಿಯೇ ಥರ್ಮಾಮೀಟರ್: ನನ್ನ ಅನುಭವ

ಥರ್ಮೋಕೋಲ್ ಕತ್ತರಿಸುವ ಹಾಟ್ ವೈರ್ ಕಟರ್ ಮಾಡುವುದು ಸುಲಭ. ನೈಕ್ರೋಮ್ (ನಿಕಲ್-ಕ್ರೋಮಿಯಂ ಮಿಶ್ರಲೋಹ) ತಂತಿ, 12 ವೋಲ್ಟ್ ಅಡಾಪ್ಟರ್, ಒಂದು ಸ್ವಿಚ್. ಗಣೇಶನ ಹಬ್ಬಕ್ಕೆ ಮಂಟಪ ಮಾಡುವವರು ಇಷ್ಟರಲ್ಲೇ ಕೆಲಸ ಮುಗಿಸುತ್ತಾರೆ. ಕಷ್ಟ ಇರುವುದು ಕಟ್ ನೀಟಾಗಿ ಬರುವುದರಲ್ಲಿ. ಹಾಳೆಯೊಳಗೆ ತಂತಿ ತಣ್ಣಗಾಗುತ್ತದೆ, ಹೊರಗೆ ಬಂದರೆ ವಿಪರೀತ ಕಾಯುತ್ತದೆ. ತಿರುವಿನಲ್ಲಿ ಕೈ ಸ್ವಲ್ಪ ನಿಂತರೂ ಅಲ್ಲೊಂದು ಗುಂಡಿ. ಜಾಸ್ತಿ ಕಾದರೆ ಸ್ಟೈರೀನ್ ಹೊಗೆ ಬೇರೆ.

ಇದಕ್ಕೆ ದಾರಿ ನನಗೆ ಸಿಕ್ಕಿದ್ದು ಇ-ಸಿಗರೇಟಿನ ಸರ್ಕ್ಯೂಟುಗಳಲ್ಲಿ. ನಮ್ಮಲ್ಲಿ 2019ರ ಕಾಯ್ದೆ ಅವುಗಳ ತಯಾರಿಕೆ, ಆಮದು, ಮಾರಾಟ ಎಲ್ಲವನ್ನೂ ನಿಷೇಧಿಸಿದೆ. ಅದು ಸರಿಯಾದ ನಿರ್ಧಾರ ಅಂತಲೇ ನಾನು ನಂಬಿದ್ದೇನೆ. ಆದರೆ ಅದರೊಳಗಿನ ಹೀಟಿಂಗ್ ಕಂಟ್ರೋಲ್ ನೋಡಿ ಕಲಿಯುವಂಥದ್ದು. ಹಳೆಯ ಸರಳ ಮಾದರಿಗಳಲ್ಲಿ ಬ್ಯಾಟರಿ ನೇರವಾಗಿ ದ್ರವ ಕಾಯಿಸುವ ಕಾಯಿಲ್‌ಗೆ. ಬ್ಯಾಟರಿ 4.2 ವೋಲ್ಟ್‌ನಿಂದ 3.2ಕ್ಕೆ ಇಳಿದರೆ ಪವರ್ ಶೇ 40ಕ್ಕೂ ಹೆಚ್ಚು ಬಿದ್ದುಹೋಗುತ್ತದೆ. ಆಮೇಲೆ ವಾಟ್ ಹಿಡಿದಿಡುವ ಸರ್ಕ್ಯೂಟ್ ಬಂತು. ಆದರೂ ಕಾಯಿಲ್‌ಗೆ ದ್ರವ ಒದಗಿಸುವ ಹತ್ತಿ ಒಣಗಿದಾಗ ಶಾಖ ಎಳೆದುಕೊಳ್ಳಲು ದ್ರವ ಇಲ್ಲದೆ ಕಾಯಿಲ್ ಕಾದು ಹತ್ತಿಯೇ ಸುಡುತ್ತಿತ್ತು. ಥರ್ಮೋಕೋಲ್ ಬಿಟ್ಟು ಹೊರಬಂದ ನನ್ನ ತಂತಿಯದ್ದೂ ಇದೇ ಕಥೆ, ಅಲ್ವಾ? 2014ರಲ್ಲಿ ಬಂದ ಡಿಎನ್‌ಎ 40 ಎಂಬ ಇ-ಸಿಗರೇಟ್ ಕಂಟ್ರೋಲ್ ಬೋರ್ಡ್ ಇದಕ್ಕೆ ನಿಕಲ್ ಕಾಯಿಲ್ ಬಳಸಿತು. ನಿಕಲ್ ಕಾದಷ್ಟೂ ಅದರ ರೆಸಿಸ್ಟೆನ್ಸ್, ಅಂದರೆ ಕರೆಂಟಿಗೆ ಒಡ್ಡುವ ತಡೆ, ಏರುತ್ತದೆ. ರೆಸಿಸ್ಟೆನ್ಸ್ ಅಳೆದರೆ ತಾಪಮಾನ ಗೊತ್ತಾಗುತ್ತದೆ. ಬೇರೆ ಸೆನ್ಸರ್ ಬೇಡವೇ ಬೇಡ. ಗಾಳಿಯ ವೇಗ ಅಳೆಯುವ ಹಾಟ್ ವೈರ್ ಅನೆಮೋಮೀಟರ್‌ನಲ್ಲಿ ಈ ಉಪಾಯ ಮೊದಲೇ ಇತ್ತು.

ನಾನು ನೈಕ್ರೋಮ್ ಬಿಟ್ಟೆ. ರೂಮಿನ ಶಾಖದಿಂದ 250 ಡಿಗ್ರಿಗೆ ಏರಿದರೂ ಅದರ ರೆಸಿಸ್ಟೆನ್ಸ್ ಶೇ 2-3ರಷ್ಟು ಮಾತ್ರ ಬದಲಾಗುತ್ತದೆ. ನಿಕಲ್‌ನಲ್ಲಿ ಎರಡು ಪಟ್ಟು ದಾಟುತ್ತದೆ, ಆದರೆ ಅದು ಮೆತ್ತಗೆ, ಬಿಗಿದು ಕಟ್ಟಿದರೆ ಎಳೆದುಕೊಂಡು ಹೋಗುತ್ತದೆ. ಸ್ಟೇನ್‌ಲೆಸ್ ಸ್ಟೀಲ್ ತಂತಿಯಲ್ಲಿ ಬದಲಾವಣೆ ಸುಮಾರು ಶೇ 20. ಗಟ್ಟಿಯೂ ಹೌದು, ಅಗ್ಗವೂ ಹೌದು. 0.3 ಮಿಲಿಮೀಟರ್ ದಪ್ಪದ 40 ಸೆಂಟಿಮೀಟರ್ ತಂತಿ ತಣ್ಣಗಿದ್ದಾಗ ಸುಮಾರು 4.1 ಓಮ್, 250 ಡಿಗ್ರಿಯಲ್ಲಿ ಹತ್ತಿರಹತ್ತಿರ 4.9 ಓಮ್. ನನ್ನ ಸರ್ಕ್ಯೂಟ್ ಪೂರ್ತಿ ನಿಂತಿರುವುದು ಈ 0.8 ಓಮ್ ಮೇಲೆ.

ಉಳಿದ ಸಾಮಾನೆಲ್ಲ ಬೆಂಗಳೂರಿನ ಎಸ್‌ಪಿ ರೋಡಿನಲ್ಲಿ ಸಿಗುವಂಥದ್ದೇ. ಒಂದು ವೀಟ್‌ಸ್ಟೋನ್ ಬ್ರಿಡ್ಜ್, ಅಂದರೆ ಎರಡು ತೋಳುಗಳ ರೆಸಿಸ್ಟೆನ್ಸ್ ಅನುಪಾತ ಹೋಲಿಸುವ ಜೋಡಣೆ. ಒಂದು ತೋಳಿನಲ್ಲಿ ಮೇಲೆ ತಂತಿ, ಕೆಳಗೆ 0.1 ಓಮ್. ಇನ್ನೊಂದರಲ್ಲಿ ಮೇಲೆ 4.7 ಕಿಲೋಓಮ್, ಕೆಳಗೆ 82 ಓಮ್ ಜೊತೆ 50 ಓಮ್‌ನ ಮಲ್ಟಿಟರ್ನ್ ಪಾಟ್ (ತಿರುಗಿಸಿ ಹೊಂದಿಸುವ ರೆಸಿಸ್ಟರ್). ಎರಡು ಮಧ್ಯಬಿಂದುಗಳ ವೋಲ್ಟೇಜನ್ನು ಎಲ್‌ಎಂ393 ಕಂಪ್ಯಾರೇಟರ್ ಹೋಲಿಸುತ್ತದೆ. ಐಆರ್‌ಎಫ್9540 ಪಿ-ಚಾನಲ್ ಮಾಸ್‌ಫೆಟ್ (ಎಲೆಕ್ಟ್ರಾನಿಕ್ ಸ್ವಿಚ್) ಬ್ರಿಡ್ಜಿನ ಮೇಲ್ಗಡೆ, ಎರಡೂ ತೋಳುಗಳಿಗೆ ಸೇರಿ ಒಂದೇ. ಇದು ಮುಖ್ಯ. ಮಾಸ್‌ಫೆಟ್ ತೋಳಿನೊಳಗೆ ಕೂತರೆ ಅದರ ರೆಸಿಸ್ಟೆನ್ಸ್ ಕೂಡ ಅಳತೆಗೆ ಸೇರಿಕೊಳ್ಳುತ್ತದೆ, ಅದೂ ಕಾದಂತೆ ಬದಲಾಗುತ್ತದೆ. ಹೊರಗಿದ್ದರೆ ಚಿಂತೆಯಿಲ್ಲ, ಸಪ್ಲೈ ವೋಲ್ಟೇಜ್ ಸ್ವಲ್ಪ ಏರಿಳಿದರೂ ಸಮತೋಲನದ ಬಿಂದು ಅಲ್ಲಾಡುವುದಿಲ್ಲ.

ಮಾಸ್‌ಫೆಟ್ ಆಫ್ ಆದಾಗ ಬ್ರಿಡ್ಜಿಗೆ ಕರೆಂಟ್ ಇಲ್ಲ, ಅಳತೆಯೂ ಇಲ್ಲ. ಅದಕ್ಕೇ ಒಂದು 555 ಟೈಮರ್ 5 ಮಿಲಿಸೆಕೆಂಡಿಗೊಮ್ಮೆ ಆನ್-ಆಫ್ ಸ್ಥಿತಿ ಹಿಡಿದಿಡುವ ಫ್ಲಿಪ್-ಫ್ಲಾಪನ್ನು ಸೆಟ್ ಮಾಡುತ್ತದೆ. ತಂತಿ ಆನ್ ಆಗುತ್ತದೆ. ನಿಗದಿ ಮಾಡಿದ ರೆಸಿಸ್ಟೆನ್ಸ್ ಮುಟ್ಟಿದ ಕೂಡಲೇ ಕಂಪ್ಯಾರೇಟರ್ ಅದನ್ನು ರೀಸೆಟ್ ಮಾಡುತ್ತದೆ, ತಂತಿ ಆಫ್. ಆನ್ ಆದ ಮೊದಲ ಸುಮಾರು 100 ಮೈಕ್ರೋಸೆಕೆಂಡ್ ಕಂಪ್ಯಾರೇಟರ್ ಮಾತಿಗೆ ಕಿವಿಗೊಡಬಾರದು, ಆಗಿನ್ನೂ ವೋಲ್ಟೇಜ್ ನೆಲೆಗೊಂಡಿರುವುದಿಲ್ಲ.

ಇದನ್ನು ವೋಲ್ಟೇಜಿನ ಏರಿಳಿತ ತೋರಿಸುವ ಆಸಿಲೋಸ್ಕೋಪಿನಲ್ಲಿ ನೋಡಬೇಕು. ತಂತಿ ಗಾಳಿಯಲ್ಲಿ ಸುಮ್ನೆ ಇರುವಾಗ ಪಲ್ಸ್‌ಗಳು ಸಣಕಲು. ಹಾಳೆ ಒತ್ತಿದ ಕ್ಷಣ ಒಂದೊಂದೂ ಅಗಲವಾಗುತ್ತದೆ, ಜೋರಾಗಿ ತಳ್ಳಿದರೆ ಇನ್ನೂ ಅಗಲ. ಹಾಳೆ ದಾಟಿ ತಂತಿ ಹೊರಬಂದರೆ ಮತ್ತೆ ಸಣ್ಣ. ಒಂದು ಸಾಲು ಕೋಡ್ ಇಲ್ಲದೆ ತಂತಿ ತನಗೆ ಬೇಕಾದಷ್ಟನ್ನೇ ಕೇಳಿ ತಗೊಳ್ಳುತ್ತಿದೆ! ಮೈಕ್ರೋಕಂಟ್ರೋಲರ್‌ನಲ್ಲೂ ಇದನ್ನು ಮಾಡಬಹುದು, ಖಂಡಿತ. ಆದರೆ ಕಲಿಯುವವರಿಗೆ ನಾನು ಅನಲಾಗನ್ನೇ ಹೇಳುತ್ತೇನೆ. ಏನು ನಡೆಯುತ್ತಿದೆ ಅನ್ನುವುದನ್ನು ಇಲ್ಲಿ ಒಂದೊಂದು ಬಿಂದುವಿನಲ್ಲೂ ಪ್ರೋಬ್ ಇಟ್ಟು ನೋಡಬಹುದು.

ಜಾಯಿಂಟ್ ಬಗ್ಗೆ ಮಾತ್ರ ಉದಾಸೀನ ಬೇಡ. ತಂತಿ ಕಟ್ಟುವ ಜಾಗದಲ್ಲಿ 0.05 ಓಮ್ ಹೆಚ್ಚಾದರೆ ಸರ್ಕ್ಯೂಟ್ ಹದಿಮೂರು ಹದಿನಾಲ್ಕು ಡಿಗ್ರಿ ತಪ್ಪು ತಿಳಿಯುತ್ತದೆ. ಇ-ಸಿಗರೇಟಿನ ನಿಕಲ್ ಕಾಯಿಲ್ ಇರುವುದೇ 0.1 ಓಮ್ ಆಸುಪಾಸು, ಅಲ್ಲಿ 0.02 ಓಮ್ ಸಡಿಲಕ್ಕೇ 30 ಡಿಗ್ರಿ ದಾಟುತ್ತದೆ. ಸ್ಟೀಲ್ ತಂತಿಗೆ ಮಾಮೂಲಿ ಫ್ಲಕ್ಸ್‌ನಲ್ಲಿ ಸೋಲ್ಡರ್ ಹಿಡಿಯುವುದಿಲ್ಲ. ನಾನು ಹಿತ್ತಾಳೆ ಸ್ಕ್ರೂ ಟರ್ಮಿನಲ್ ಹಾಕಿ, ಒಂದು ತುದಿಗೆ ಸ್ಪ್ರಿಂಗ್ ಕೊಟ್ಟಿದ್ದೇನೆ, ಯಾಕೆಂದರೆ ಕಾದ ತಂತಿ ಉದ್ದವಾಗುತ್ತದೆ.

ತಂತಿ ತುಂಡಾದರೆ ಸರ್ಕ್ಯೂಟಿಗೆ ಅದು ವಿಪರೀತ ಕಾದ ಹಾಗೆ ಕಾಣುತ್ತದೆ, ತಾನೇ ಆಫ್ ಆಗುತ್ತದೆ. ಶಾರ್ಟ್ ಆದರೆ ತದ್ವಿರುದ್ಧ. ತಣ್ಣಗಿದೆ ಅಂದುಕೊಂಡು ಪೂರ್ತಿ ಆನ್! ಅದಕ್ಕೆ ಫ್ಯೂಸ್ ಬೇಕೇ ಬೇಕು. ಮಾಸ್‌ಫೆಟ್ಟೇ ಶಾರ್ಟ್ ಆದರೆ ಕರೆಂಟ್ 3 ಆಂಪಿಯರ್ ಕೂಡ ದಾಟುವುದಿಲ್ಲ, ಫ್ಯೂಸ್ ಹೋಗುವುದಿಲ್ಲ, ತಂತಿ ಕೆಂಪಗಾಗುತ್ತದೆ. ಹಾಗಾಗಿ ಸಪ್ಲೈ ಲೈನಿನಲ್ಲೇ ಕಾಲಿನಿಂದ ಒತ್ತಿ ಹಿಡಿಯುವ ಸ್ವಿಚ್ ಇಟ್ಟಿದ್ದೇನೆ. ಕಾಲು ತೆಗೆದರೆ ಎಲ್ಲ ಬಂದ್.

ಪಾಟ್ ಹೊಂದಿಸಲು ಕಡಿಮೆ ಶಾಖದಿಂದ ಶುರುಮಾಡಿ, ಬೇಡದ ಥರ್ಮೋಕೋಲ್ ತುಂಡಿನಲ್ಲಿ ಕತ್ತರಿಸುತ್ತಾ ಸ್ವಲ್ಪಸ್ವಲ್ಪವೇ ಏರಿಸುತ್ತೇನೆ. ತಂತಿ ತಡೆಯಿಲ್ಲದೆ ಸಾಗಿ, ಹೊಗೆ ಏಳದೆ, ಸೀಳು ತೆಳ್ಳಗೆ ಬಂದರೆ ಅಲ್ಲಿಗೆ ನಿಲ್ಲಿಸುವುದು. ಎಲ್‌ಎಂ393ರ ಕೆಲವು ಮಿಲಿವೋಲ್ಟ್ ಆಫ್‌ಸೆಟ್ (ಹೋಲಿಕೆಯ ಸಣ್ಣ ತಪ್ಪು) ಕೂಡ ಈ ಹೊಂದಿಕೆಯಲ್ಲೇ ಬಹುಪಾಲು ಸರಿಹೋಗುತ್ತದೆ. ತಂತಿ ಬದಲಾಯಿಸಿದರೆ, ಉದ್ದ ಒಂದು ಸೆಂಟಿಮೀಟರ್ ಹೆಚ್ಚುಕಮ್ಮಿ ಆದರೂ, ಮತ್ತೆ ಹೊಂದಿಸಬೇಕು.