ಬಸ್ ಸ್ಟ್ಯಾಂಡಿಗೆ ಸಿಸಿಟಿವಿ ಹಾಕ್ತಿದೀರಾ? ಮೊದ್ಲು ಮುಖ ಎಲ್ಲಿ ಸಿಗತ್ತೆ ಅಂತ ಹುಡುಕಿ

ಕೆಲವು ವರ್ಷದ ಹಿಂದೆ ಒಂದು ತಾಲ್ಲೂಕು ಬಸ್ ಸ್ಟ್ಯಾಂಡಲ್ಲಿ ಸರ ಕಿತ್ಕೊಂಡು ಓಡಿದ ಕೇಸ್ ಆಗಿತ್ತು, ಫುಟೇಜ್ ತೆಗೆದುಕೊಡಿ ಅಂತ ನನ್ನನ್ನ ಕರೆದ್ರು. 24 ಕ್ಯಾಮೆರಾ ಇತ್ತು, ಎಲ್ಲಾ ಓಡ್ತಿತ್ತು, ರೆಕಾರ್ಡಿಂಗೂ ಸರಿಯಾಗೇ ಇತ್ತು. ಕಳ್ಳ ಐದು ಕ್ಯಾಮೆರಾದಲ್ಲಿ ಸಿಕ್ಕ, ಐದರಲ್ಲೂ ಬರೀ ನೆತ್ತಿ. ಕ್ಯಾಮೆರಾ ಹಾಕಿದೋರು ಯಾರೂ ಮುಟ್ಟಬಾರದು ಅಂತ ಎಲ್ಲಾನೂ ಸೂರಿಗೆ ಅಂಟಿಸಿಬಿಟ್ಟಿದ್ರು.

ಅದಕ್ಕೇ ಹೇಳೋದು, ಎಷ್ಟು ಕ್ಯಾಮೆರಾ ಬೇಕು ಅಂತ ಶುರು ಮಾಡ್ಬೇಡಿ. ಒಂದು ಹಾಳೇಲಿ ಸ್ಟ್ಯಾಂಡಿನ ನಕ್ಷೆ ಬರ್ಕೊಂಡು, ಪ್ರತಿ ಕ್ಯಾಮೆರಾ ಪಕ್ಕ ಅದರ ಕೆಲಸ ಒಂದೇ ಒಂದು ಬರೀರಿ: ಜನ ಇದಾರಾ ನೋಡೋದಾ, ಏನು ನಡೀತಿದೆ ನೋಡೋದಾ, ಇಲ್ಲಾ ಗೊತ್ತಿಲ್ಲದ ಮನುಷ್ಯನ ಮುಖ ಹಿಡಿಯೋದಾ. ಒಂದೇ ಕ್ಯಾಮೆರಾ ಮೂರೂ ಮಾಡತ್ತೆ ಅಂತ ಸೇಲ್ಸ್‌ನೋರು ಹೇಳ್ತಾರೆ, ನಂಬ್ಬೇಡಿ.

ಇದಕ್ಕೊಂದು ಲೆಕ್ಕ ಇದೆ, ಕಷ್ಟ ಏನಿಲ್ಲ. ಐಇಸಿ ಅನ್ನೋ ಅಂತರರಾಷ್ಟ್ರೀಯ ಸಂಸ್ಥೆಯ 62676-4 ಸ್ಟ್ಯಾಂಡರ್ಡಿನ 2014ರ ಆವೃತ್ತಿ ಪ್ರಕಾರ ಅಪರಿಚಿತನ ಗುರುತು ಹಿಡಿಯೋಕೆ ಒಂದು ಮೀಟರ್ ಅಗಲಕ್ಕೆ 250 ಪಿಕ್ಸೆಲ್ ಬೇಕು, ಗೊತ್ತಿರೋನೇ ಹೌದಾ ಅಂತ ನೋಡೋಕೆ 125, ಬರೀ ಯಾರೋ ಇದಾರೆ ಅನ್ನೋಕೆ 25 ಸಾಕು. 2 ಮೆಗಾಪಿಕ್ಸೆಲ್ ಕ್ಯಾಮೆರಾ ಚಿತ್ರದ ಅಗಲ 1920 ಪಿಕ್ಸೆಲ್, ಅದನ್ನ 250ರಿಂದ ಭಾಗಿಸಿದ್ರೆ ಏಳೂವರೆ ಮೀಟರ್ ಚಿಲ್ಲರೆ, ಅಂದ್ರೆ ಅದಕ್ಕಿಂತ ಅಗಲವಾದ ಜಾಗ ತೋರಿಸಿದ್ರೆ ಮುಖ ಹೋಯ್ತು ಅಂತಲೇ. ನಾನು ಹೇಳಿದ ಸ್ಟ್ಯಾಂಡಲ್ಲಿ ಅದೇ ಕ್ಯಾಮೆರಾಗೆ 40 ಮೀಟರ್ ಪ್ಲಾಟ್‌ಫಾರ್ಮ್ ಪೂರ್ತಿ ತೋರಿಸಿದ್ರು, ಮೀಟರಿಗೆ 48 ಪಿಕ್ಸೆಲ್, ಆಮೇಲೆ ಝೂಮ್ ಮಾಡಿ ಝೂಮ್ ಮಾಡಿ ಅಂತ ನನ್ನ ಪ್ರಾಣ ತಿಂದ್ರು. ಇಲ್ಲದ ಪಿಕ್ಸೆಲ್ ಎಲ್ಲಿಂದ ತರೋದು ಸ್ವಾಮಿ.

ಈಗ ಜಾಗ. ಏರ್‌ಪೋರ್ಟಲ್ಲಿ ಈ ಕೆಲಸ ಸಲೀಸು, ಯಾಕಂದ್ರೆ ಅಲ್ಲಿ ಒಬ್ಬೊಬ್ಬರೂ ಬಾಗಿಲಲ್ಲಿ ನಿಂತು ಐಡಿ, ಟಿಕೆಟ್ ತೋರಿಸ್ಲೇಬೇಕು. ಬೆಂಗಳೂರು ಕೆಂಪೇಗೌಡ ವಿಮಾನ ನಿಲ್ದಾಣದಲ್ಲಿ 2022ರ ಡಿಸೆಂಬರಲ್ಲಿ ಮುಖ ನೋಡೇ ಒಳಗೆ ಬಿಡೋ ಡಿಜಿಯಾತ್ರಾ ಬಂತಲ್ಲ, ಅದು ಮುಖ ಗುರುತಿಸೋದು ಮಾಯಾಜಾಲದಿಂದಲ್ಲ, ಮನುಷ್ಯ ಗೇಟಲ್ಲಿ ನಿಂತು ಕ್ಯಾಮೆರಾನ ನೋಡ್ತಾನೆ, ಬೆಳಕೂ ಹದವಾಗಿರತ್ತೆ, ಅದಕ್ಕೆ. ನಮ್ಮ ಬಸ್ ಸ್ಟ್ಯಾಂಡಿಗೆ ಎಂಟು ದಿಕ್ಕಿಂದ ಜನ ನುಗ್ತಾರೆ. ಹಾಗಾಗಿ ಜನ ತಾವಾಗೇ ನಿಧಾನ ಆಗೋ ಜಾಗ ಹುಡುಕ್ಬೇಕು: ಮೆಟ್ಟಿಲು, ಕಂಬಿ ಹಾಕಿರೋ ಸಂದಿ, ಪೇ ಅಂಡ್ ಯೂಸ್ ಕಡೆ ತಿರುಗೋ ಮೂಲೆ (ಒಳಗಡೆ ಅಲ್ಲ ಮತ್ತೆ, ಶೌಚಾಲಯ, ಮಗುಗೆ ಹಾಲು ಕುಡಿಸೋ ಕೋಣೆ ಕಡೆ ಕ್ಯಾಮೆರಾ ತಿರುಗಿಸ್ಲೇಬಾರದು). ಇನ್ನು ಎಲ್ಲಕ್ಕಿಂತ ಒಳ್ಳೇ ಗೇಟು ಅಂದ್ರೆ ಬಸ್ಸಿನ ಬಾಗಿಲೇ, ಎಷ್ಟೇ ನೂಕಾಟ ಇದ್ರೂ ಫುಟ್‌ಬೋರ್ಡ್ ಮೇಲೆ ಒಬ್ಬೊಬ್ಬರೇ ಹತ್ಬೇಕು. 2024ರ ಮಾರ್ಚ್ 1ಕ್ಕೆ ರಾಮೇಶ್ವರಂ ಕೆಫೆ ಸ್ಫೋಟ ಆದಾಗ ಶಂಕಿತ ಓಡಾಡಿದ ದಾರಿ ಹುಡುಕೋಕೆ ಬಿಎಂಟಿಸಿ ಬಸ್ ಒಳಗಿನ ಕ್ಯಾಮೆರಾ ದೃಶ್ಯ ಎಷ್ಟು ಮುಖ್ಯ ಆಯ್ತು ಅಂತ ಟಿವಿಲಿ ನೋಡೇ ಇರ್ತೀರಿ.

ಎತ್ತರ 3 ಮೀಟರ್ ದಾಟ್ಬೇಡಿ. 3 ಮೀಟರಲ್ಲಿ ಕೂತ ಕ್ಯಾಮೆರಾ 5 ಮೀಟರ್ ದೂರದ ಮುಖ ನೋಡಿದ್ರೆ ಸುಮಾರು 15-16 ಡಿಗ್ರಿ ಇಳಿಜಾರು, ಟೋಪಿ ಹಾಕಿದ್ರೂ ಕಣ್ಣು ಮೂಗು ಸಿಗತ್ತೆ. ಯಾರಾದ್ರೂ ಕೀಳ್ತಾರೆ ಅನ್ನೋ ಭಯ ಇದ್ರೆ ಗಟ್ಟಿ ಡೋಮ್ (ಗುಮ್ಮಟದಂಥ ಕವಚ ಇರೋ ಕ್ಯಾಮೆರಾ) ತಗೊಳ್ಳಿ, ಮೇಲಕ್ಕೆ ಏರಿಸ್ಬೇಡಿ.

ಬಾಗಿಲ ಹಿಂದೆ ಬಿಸಿಲಿದ್ರೆ ಒಳಗೆ ಬರೋರೆಲ್ಲ ಕಪ್ಪು ನೆರಳಾಗ್ತಾರೆ, ಅಲ್ಲಿಗೆ ಡಬ್ಲ್ಯುಡಿಆರ್ (ಬೆಳಕು, ನೆರಳು ಎರಡನ್ನೂ ಒಟ್ಟಿಗೆ ತೋರಿಸೋ ಶಕ್ತಿ) ಚೆನ್ನಾಗಿರೋ ಕ್ಯಾಮೆರಾನೇ ಬೇಕು. ರಾತ್ರಿ ಶಟರನ್ನ (ಒಂದೊಂದು ಚಿತ್ರಕ್ಕೆ ಬೆಳಕು ಬಿಡೋ ಸಮಯ) ಆಟೋದಲ್ಲೇ ಬಿಟ್ರೆ ನಡೆಯೋರ ಮುಖ ಕಲಸಿ ಹೋಗತ್ತೆ, 1/100 ಸೆಕೆಂಡಿಗೆ ಫಿಕ್ಸ್ ಮಾಡಿ, ಬೆಳಕು ಸಾಲದಿದ್ರೆ ಇನ್ನೊಂದು ಲೈಟ್ ಹಾಕಿಸಿ, ಕ್ಯಾಮೆರಾ ಬದಲಿಸೋದಕ್ಕಿಂತ ಅಗ್ಗ. ನಂಬರ್ ಪ್ಲೇಟಿಗೆ ಬೇರೆ ಕ್ಯಾಮೆರಾನೇ, ಶಟರ್ 1/500 ಇಲ್ಲಾ ಇನ್ನೂ ವೇಗ. ಡೀಸೆಲ್ ಹೊಗೆ, ಧೂಳು, ಜೇಡರ ಬಲೆ, ಇದಕ್ಕೆ ತಿಂಗಳಿಗೊಮ್ಮೆ ಬಟ್ಟೆ ಹಿಡ್ಕೊಂಡು ಹತ್ತೋ ಆಳು ಬೇಕು, ಟೆಂಡರಲ್ಲೇ ಬರೆಸಿ.

ಹಾರ್ಡ್ ಡಿಸ್ಕ್ ಲೆಕ್ಕ ಹೀಗೆ: ಒಂದು ಕ್ಯಾಮೆರಾ 4 ಎಂಬಿಪಿಎಸ್‌ನಲ್ಲಿ ಓಡಿದ್ರೆ ದಿನಕ್ಕೆ 43 ಜಿಬಿ, 30 ದಿನಕ್ಕೆ 1.3 ಟಿಬಿ, 24 ಕ್ಯಾಮೆರಾಗೆ 31 ಟಿಬಿ. ವಿಡಿಯೋನ ಇನ್ನೂ ಒತ್ತಿ ಚಿಕ್ಕದು ಮಾಡೋ ಎಚ್.265 ಹಾಕಿದ್ರೆ ಕಮ್ಮಿ ಆಗತ್ತೆ. ಯುಪಿಎಸ್ ರೆಕಾರ್ಡರಿಗಷ್ಟೇ ಅಲ್ಲ, ನೆಟ್‌ವರ್ಕ್ ಕೇಬಲಲ್ಲೇ ಕ್ಯಾಮೆರಾಗೆ ಕರೆಂಟ್ ಕೊಡೋ ಪಿಒಇ ಸ್ವಿಚ್ಚಿಗೂ ಬೇಕು, ಇದನ್ನ ಮರೆತೋರು ಬಹಳ ಜನ. ಪಾಸ್‌ವರ್ಡ್ ಬದಲಿಸಿ, ನೆಟ್‌ವರ್ಕ್ ಬೇರೆ ಇಡಿ, 2016ರಲ್ಲಿ ಮಿರಾಯ್ ಅನ್ನೋ ಮಾಲ್‌ವೇರ್ ಕಂಪನಿ ಕೊಟ್ಟ ಪಾಸ್‌ವರ್ಡೇ ಉಳಿಸ್ಕೊಂಡಿದ್ದ ಕ್ಯಾಮೆರಾ, ಡಿವಿಆರ್‌ಗಳನ್ನೇ ಇಂಟರ್‌ನೆಟ್ ದಾಳಿಗೆ ಸೈನ್ಯ ಮಾಡ್ಕೊಂಡಿತ್ತು.

ವಾರಸುದಾರರಿಲ್ಲದ ಬ್ಯಾಗ್ ಕಂಡ್ರೆ ಅಲಾರಂ ಹೊಡಿಯೋ ಸಾಫ್ಟ್‌ವೇರ್ ಮಾರೋಕೆ ಬರ್ತಾರೆ. ಏರ್‌ಪೋರ್ಟಿನ ಖಾಲಿ ಕಾರಿಡಾರಿಗೆ ಸರಿ, ಹೊರಗೆ ಹೋಗೋ ದಾರೀಲಿ ಉಲ್ಟಾ ಒಳಗೆ ಬರೋರನ್ನ ಹಿಡಿಯೋದಂತೂ ಚೆನ್ನಾಗೇ ಕೆಲಸ ಮಾಡತ್ತೆ. ಆದ್ರೆ ಮೂಟೆ, ಕೋಳಿ ಬುಟ್ಟಿ, ಬಾಳೆಗೊನೆ ಇಟ್ಟು ಟೀ ಕುಡಿಯೋಕೆ ಹೋಗೋ ನಮ್ಮ ಸ್ಟ್ಯಾಂಡಲ್ಲಿ ಅದು ದಿನವಿಡೀ ಬಡ್ಕೋತಾ ಇರತ್ತೆ, ಎರಡನೇ ದಿನಕ್ಕೆ ಆಪರೇಟರ್ ಸೌಂಡ್ ಆಫ್ ಮಾಡ್ತಾನೆ.

ಇನ್ನೊಂದು, ರೆಕಾರ್ಡರ್ ಟೈಮ್. ಎನ್‌ಟಿಪಿ (ನೆಟ್‌ವರ್ಕ್ ಮೂಲಕ ಗಡಿಯಾರ ಸರಿ ಮಾಡೋ ವ್ಯವಸ್ಥೆ) ಹಾಕಿ ಸಿಂಕ್ ಮಾಡಿ, ಹತ್ತು ನಿಮಿಷ ಹಿಂದೆ ಮುಂದೆ ಇದ್ರೆ ಕಳ್ಳ ಹತ್ತಿದ ಬಸ್ ಯಾವುದು ಅಂತ್ಲೇ ಹೇಳಕ್ಕಾಗಲ್ಲ. ಪೊಲೀಸರು ಬಂದು ಮಾನಿಟರನ್ನೇ ಮೊಬೈಲಲ್ಲಿ ಶೂಟ್ ಮಾಡ್ಕೊಂಡು ಹೋಗ್ತಾರೆ, ತಕ್ಷಣಕ್ಕೆ ಹುಡುಕೋಕೆ ಪರವಾಗಿಲ್ಲ, ಆದ್ರೆ ಅಷ್ಟಕ್ಕೇ ಬಿಟ್ರೆ ಕೋರ್ಟಲ್ಲಿ ಕಷ್ಟ. ಒರಿಜಿನಲ್ ಫೈಲನ್ನ ಎಕ್ಸ್‌ಪೋರ್ಟ್ ಮಾಡಿ, ಹ್ಯಾಶ್ ವ್ಯಾಲ್ಯೂ (ಫೈಲ್ ಆಮೇಲೆ ತಿದ್ದಿಲ್ಲ ಅಂತ ತೋರಿಸೋ, ಬೆರಳಚ್ಚಿನಂಥ ಕೋಡ್) ತೆಗೆದು, ಭಾರತೀಯ ಸಾಕ್ಷ್ಯ ಅಧಿನಿಯಮದ ಸೆಕ್ಷನ್ 63ರ ಸರ್ಟಿಫಿಕೇಟ್ ಜೊತೆ ಕೊಡಿ, 2024ರ ಜುಲೈ 1ರಿಂದ ಹಳೇ ಸಾಕ್ಷ್ಯ ಕಾಯ್ದೆಯ 65ಬಿ ಜಾಗಕ್ಕೆ ಅದೇ ಬಂದಿರೋದು. ಎಕ್ಸ್‌ಪೋರ್ಟ್ ತಡ ಮಾಡ್ಬೇಡಿ, 30 ದಿನ ಆದ್ಮೇಲೆ ಡಿಸ್ಕ್ ತನ್ನ ಪಾಡಿಗೆ ಅಳಿಸ್ಕೊಂಡು ಹೋಗ್ತಿರತ್ತೆ.

ಬಿಲ್ ಪಾಸ್ ಮಾಡೋ ಮುಂಚೆ ಒಂದು ಕೆಲಸ ಮಾಡಿ. ನಿಮ್ಮ ಆಫೀಸಿನೋರು ಯಾರೂ ನೋಡಿರದ ಒಬ್ಬ ಹುಡುಗನ್ನ ಕರೆಸಿ, ಟೋಪಿ ಹಾಕಿಸಿ, ಸಂಜೆ ಏಳು ಗಂಟೆ ರಶ್ಶಲ್ಲಿ ಒಂದು ಗೇಟಿಂದ ಬಂದು ಬಸ್ ಹತ್ತೋಕೆ ಹೇಳಿ. ಮಾರನೇ ದಿನ ಫುಟೇಜ್ ತೆಗೆದು ಒಂದು ಫೋಟೋ ಪ್ರಿಂಟ್ ಹಾಕಿ, ಅವನನ್ನ ಇನ್ನೂ ನಾಲ್ಕು ಹುಡುಗರ ಜೊತೆ ಸಾಲಾಗಿ ನಿಲ್ಲಿಸಿ, ಕಂಟ್ರಾಕ್ಟರ್ ಕೈಗೆ ಫೋಟೋ ಕೊಟ್ಟು ಇವರಲ್ಲಿ ಯಾರಪ್ಪಾ ಇದು ಅಂತ ಕೇಳಿ.